ಗುಡ್ಡದ ಮೇಲೆ ನಿಂತು ನಾಡನ್ನಳೆದ ಲ್ಯಾಂಬ್ಟನ್

ಪ್ರತಿ ವರ್ಷ ಮಳೆಗಾಲ ಕಳೆದು ಆಕಾಶ ತಿಳಿಯಾಗುತ್ತಿದ್ದಂತೆ ನಾವು ಶಾಲೆಯ ಮಕ್ಕಳನ್ನು ಕರೆದುಕೊಂಡು ರಾಯದುರ್ಗದ ಬೆಟ್ಟ ಹತ್ತುವುದುಂಟು. ಬುತ್ತಿ ಬಿಚ್ಚುವ ಮೊದಲೇ ಮಕ್ಕಳಲ್ಲಿ ವಾದ ಶುರುವಾಗುತ್ತದೆ. ಉತ್ತರದ ಕಡೆ ದೂರದಲ್ಲಿ ನೀಲಿಯಾಗಿ ತೋರುವುದು ಬಳ್ಳಾರಿಯ ಬೆಟ್ಟವೆಂದು ಒಬ್ಬನು, ಅದಲ್ಲ, ಯಾವುದೋ ಬೇರೆ ಗುಡ್ಡವೆಂದು ಇನ್ನೊಬ್ಬನು. ಒಮ್ಮೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಈ ವಾದಕ್ಕೆ ಸೇರದೆ ಬೇರೊಂದು ಪ್ರಶ್ನೆಯನ್ನು ನಮ್ಮ ಮುಂದಿಟ್ಟಳು. ಅಷ್ಟು ದೂರದ ಗುಡ್ಡ ಕಾಣುತ್ತಿರುವಾಗ, ಮೂರೇ ಹರದಾರಿ ದೂರದ ತನ್ನ ಊರು ಏಕೆ ಕಾಣುವುದಿಲ್ಲ ಎಂದು ಕೇಳಿದಳು.

ನಡುವೆ ಗುಡ್ಡ ಅಡ್ಡವಿದೆ ಎಂದು ನಾವು ಹೇಳಿದೆವು. ಅವಳಿಗೆ ಸಮಾಧಾನವಾಗಲಿಲ್ಲ. ಆ ಗುಡ್ಡ ನಾವು ನಿಂತಿರುವ ಬೆಟ್ಟಕ್ಕಿಂತ ತಗ್ಗಿನಲ್ಲಿದೆಯಲ್ಲ, ಎತ್ತರದಲ್ಲಿ ನಿಂತವರಿಗೆ ತಗ್ಗಿನ ಗುಡ್ಡ ಹೇಗೆ ಅಡ್ಡವಾದೀತು ಎಂದು ಮತ್ತೆ ಕೇಳಿದಳು. ಆ ದಿನ ನಾವು ಅವಳಿಗೆ ಸರಿಯಾದ ಉತ್ತರ ಕೊಡಲಾಗಲಿಲ್ಲ. ಊರಿಗೆ ಮರಳಿದ ಮೇಲೆ ಪುಸ್ತಕಗಳನ್ನು ಹುಡುಕಿದೆವು. ಹುಡುಕುತ್ತ ಹೋದಂತೆ ನಮಗೆ ಎದುರಾದುದು ಒಬ್ಬ ಮಹಾಪುರುಷನ ಜೀವನಚರಿತ್ರೆ. ಒಂದು ಗುಡ್ಡದಿಂದ ಯಾವುದು ಕಾಣುತ್ತದೆ, ಯಾವುದು ಕಾಣುವುದಿಲ್ಲ ಎಂಬ ಪ್ರಶ್ನೆಯನ್ನೇ ಹೆಗಲ ಮೇಲೆ ಹೊತ್ತು ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ದಕ್ಷಿಣ ಭಾರತವನ್ನು ಸುತ್ತಿದ ವಿಲಿಯಂ ಲ್ಯಾಂಬ್ಟನ್ ಎಂಬಾತನೇ ಅವನು. ವಿದ್ಯಾರ್ಥಿಗಳೂ ಅವರ ತಾಯಿತಂದೆಗಳೂ ಆತನ ಕಥೆಯನ್ನು ತಿಳಿಯಲೆಂದು ಇಲ್ಲಿ ಬರೆಯುತ್ತಿದ್ದೇವೆ.

ಬಾಲ್ಯ ಮತ್ತು ಸೈನ್ಯ

ಲ್ಯಾಂಬ್ಟನ್ ಹುಟ್ಟಿದ್ದು ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ನಾರ್ತಲರ್ಟನ್ ಊರಿನ ಬಳಿ, ಹದಿನೆಂಟನೆಯ ಶತಮಾನದ ನಡುಭಾಗದಲ್ಲಿ. ಮನೆಯಲ್ಲಿ ಬಡತನವಿತ್ತು. ಹುಡುಗನಿಗೆ ಗಣಿತದಲ್ಲಿ ಒಳ್ಳೆಯ ಗತಿಯಿದ್ದುದರಿಂದ ನಾರ್ತಲರ್ಟನ್ನಿನ ಶಾಲೆಯಲ್ಲಿ ಓದುವ ಅವಕಾಶ ದೊರೆಯಿತು. ೧೭೮೧ರಲ್ಲಿ ಆತನು ಸೈನ್ಯದಲ್ಲಿ ಕೆಳದರ್ಜೆಯ ಅಧಿಕಾರಿಯಾಗಿ ಸೇರಿದನು. ಅನಂತರ ಉತ್ತರ ಅಮೆರಿಕೆಗೆ ಹೋಗಿ, ಈಗ ಕೆನಡಾ ದೇಶಕ್ಕೆ ಸೇರಿರುವ ನ್ಯೂ ಬ್ರನ್ಸ್‌ವಿಕ್ ಪ್ರಾಂತದಲ್ಲಿ ಅನೇಕ ವರ್ಷ ನೆಲ ಅಳೆಯುವ ಕೆಲಸವನ್ನೂ ಸೈನಿಕರ ವಸತಿಯ ಮೇಲ್ವಿಚಾರಣೆಯನ್ನೂ ಮಾಡಿಕೊಂಡಿದ್ದನು. ಓರಗೆಯವರು ಪದವಿಯಲ್ಲಿ ಮೇಲೇರುತ್ತಿದ್ದಾಗ ಈತನು ಕಾಡಿನ ನಡುವೆ ಗಣಿತದ ಪುಸ್ತಕಗಳನ್ನು ತರಿಸಿಕೊಂಡು ಓದುತ್ತಿದ್ದನು. ಅಲ್ಲಿದ್ದಾಗಲೇ ಒಂದು ಸೂರ್ಯಗ್ರಹಣವನ್ನು ನೋಡಲು ಹೋಗಿ ಎಡಗಣ್ಣಿಗೆ ಹಾನಿ ಮಾಡಿಕೊಂಡನು. ಮುಂದೆ ಇಡೀ ನಾಡನ್ನು ದೂರದರ್ಶಕದಲ್ಲಿ ನೋಡಿ ಅಳೆದವನಿಗೆ ಚೆನ್ನಾಗಿ ಕಾಣುತ್ತಿದ್ದುದು ಒಂದೇ ಕಣ್ಣು ಎಂಬುದನ್ನು ಓದುಗರು ನೆನಪಿಡಬೇಕು.

ಸುಮಾರು ನಲವತ್ತು ವರ್ಷ ದಾಟಿದ ಮೇಲೆ ಆತನು ತನ್ನ ಮೂವತ್ತಮೂರನೆಯ ಪಡೆಯೊಡನೆ ಭಾರತಕ್ಕೆ ಬಂದನು. ಆ ಪಡೆಯ ನಾಯಕ ಆರ್ಥರ್ ವೆಲ್ಲೆಸ್ಲಿ. ೧೭೯೯ರಲ್ಲಿ ಟಿಪ್ಪು ಸುಲ್ತಾನನ ಮೇಲೆ ನಡೆದ ಯುದ್ಧದಲ್ಲಿ ಲ್ಯಾಂಬ್ಟನ್ನನೂ ಇದ್ದನು. ಶ್ರೀರಂಗಪಟ್ಟಣದ ಹತ್ತಿರ ಒಂದು ಕತ್ತಲ ರಾತ್ರಿ ಜನರಲ್ ಬೇರ್ಡನ ತುಕಡಿ ದಾರಿ ತಪ್ಪಿ ನೇರವಾಗಿ ಸುಲ್ತಾನನ ಪಾಳೆಯದ ಕಡೆಗೇ ನಡೆಯುತ್ತಿತ್ತು. ಲ್ಯಾಂಬ್ಟನ್ ತಲೆಯೆತ್ತಿ ನಕ್ಷತ್ರಗಳನ್ನು ನೋಡಿ, ನಾವು ಹೋಗುತ್ತಿರುವುದು ದಕ್ಷಿಣಕ್ಕೆ ಎಂದು ಎಚ್ಚರಿಸಿದನು. ದಿಕ್ಸೂಚಿ ತಂದು ನೋಡಿದಾಗ ಆತನ ಮಾತೇ ನಿಜವಾಯಿತು.

ಅಳತೆಯ ಹಂಬಲ

ಯುದ್ಧ ಮುಗಿದು ಮೈಸೂರು ಸೀಮೆ ಕಂಪನಿಯ ಹಿಡಿತಕ್ಕೆ ಬಂದಾಗ ಆ ನಾಡಿಗೆ ಸರಿಯಾದ ನಕ್ಷೆ ಇರಲಿಲ್ಲ. ಊರಿಂದೂರಿಗೆ ಇರುವ ದಾರಿಯನ್ನು ಗಾಲಿ ಉರುಳಿಸಿ ಅಳೆದು ಕೂಡಿಸಿದ ನಕ್ಷೆಗಳಿದ್ದವು. ಮೈಸೂರು ಸೀಮೆಯ ಊರು, ಕೆರೆ, ದಾರಿಗಳ ಮೋಜಣಿಯನ್ನು ಕಾಲಿನ್ ಮೆಕೆಂಜಿಗೆ ವಹಿಸಲಾಯಿತು. ನಮ್ಮ ನಾಡಿನ ಶಾಸನಗಳನ್ನೂ ಕೈಫಿಯತ್ತುಗಳನ್ನೂ ಸಂಗ್ರಹಿಸಿದ ಮೆಕೆಂಜಿಯೇ ಈತನು. ಲ್ಯಾಂಬ್ಟನ್ ಕೇಳಿದ್ದು ಬೇರೆ ಕೆಲಸವನ್ನು. ಕಡಲಿನಿಂದ ಕಡಲಿಗೆ ತ್ರಿಕೋನಗಳ ಸರಪಳಿಯನ್ನು ಹೆಣೆದು, ಒಂದೊಂದು ಬೆಟ್ಟವೂ ಭೂಮಿಯ ಮೇಲೆ ಎಲ್ಲಿದೆ ಎಂಬುದನ್ನು ಗಣಿತದಿಂದ ನಿಶ್ಚಯಿಸಬೇಕು, ಅದರಿಂದ ಭೂಮಿಯ ಆಕಾರವನ್ನೇ ತಿಳಿಯಬೇಕು ಎಂಬುದು ಆತನ ಬಯಕೆ. ವೆಲ್ಲೆಸ್ಲಿಯ ಬೆಂಬಲದಿಂದ ೧೮೦೦ರಲ್ಲಿ ಮದರಾಸು ಸರಕಾರದ ಒಪ್ಪಿಗೆ ಸಿಕ್ಕಿತು.

ಕಂಪನಿಯ ಉದ್ದೇಶ ಶುದ್ಧ ವಿಜ್ಞಾನವೆಂದು ಯಾರೂ ತಿಳಿಯಬಾರದು. ನಕ್ಷೆಯಿದ್ದರೆ ಕಂದಾಯ ಕಟ್ಟಿಸುವುದೂ ಫಿರಂಗಿ ಸಾಗಿಸುವುದೂ ಸುಲಭ. ಗೆದ್ದವನು ಗೆದ್ದ ನೆಲವನ್ನು ಅಳೆಯುತ್ತಿದ್ದನು. ಇಷ್ಟಾದರೂ ಕಂಪನಿಯಲ್ಲೇ ಆತನ ಕೆಲಸಕ್ಕೆ ವಿರೋಧವಿತ್ತು. ಶ್ರೀರಂಗಪಟ್ಟಣಕ್ಕೆ ಹೋಗಬೇಕೆನ್ನುವವನು ಪಲ್ಲಕ್ಕಿ ಹೊರುವ ಬೋಯಿಗೆ ಹೇಳಿದರೆ ಸಾಕು, ಅವನೇ ತಲಪಿಸುತ್ತಾನೆ, ಅದಕ್ಕೆ ಲ್ಯಾಂಬ್ಟನ್ನನ ನಕ್ಷೆ ಬೇಕಿಲ್ಲವೆಂದು ಮದರಾಸಿನ ಹಣಕಾಸು ನೋಡಿಕೊಳ್ಳುವ ಹಿರಿಯನೊಬ್ಬನು ಗೇಲಿ ಮಾಡಿದನಂತೆ.

ತ್ರಿಕೋನದ ಕೆಲಸವನ್ನು ನಮ್ಮ ಹತ್ತನೆಯ ತರಗತಿಯವರು ಸುಲಭವಾಗಿ ಗ್ರಹಿಸಬಲ್ಲರು. ಒಂದು ತ್ರಿಕೋನದ ಒಂದು ಬಾಹುವಿನ ಉದ್ದವೂ ಅದರ ಎರಡು ತುದಿಗಳ ಕೋನಗಳೂ ಗೊತ್ತಾದರೆ, ಉಳಿದೆರಡು ಬಾಹುಗಳನ್ನು ನೆಲದ ಮೇಲೆ ಅಳೆಯಬೇಕಿಲ್ಲ, ಲೆಕ್ಕದಿಂದಲೇ ಪಡೆಯಬಹುದು. ಹಾಗೆ ಪಡೆದ ಬಾಹುವಿನ ಮೇಲೆ ಮತ್ತೊಂದು ತ್ರಿಕೋನ, ಅದರ ಮೇಲೆ ಇನ್ನೊಂದು. ನಡುವೆ ನದಿಯಿರಲಿ, ಕಾಡಿರಲಿ, ಚಿಂತೆಯಿಲ್ಲ. ಆದರೆ ಮೊದಲನೆಯ ಬಾಹುವನ್ನು ಮಾತ್ರ ನೆಲದ ಮೇಲೆಯೇ ಅತ್ಯಂತ ನಿಖರವಾಗಿ ಅಳೆಯಬೇಕು. ಇದಕ್ಕೆ ಆಧಾರ ರೇಖೆ ಎಂದು ಹೆಸರು.

ಬೆಂಗಳೂರಿನ ಬಳಿ ೧೮೦೦ರಲ್ಲಿ ಆತನು ಇಂತಹ ಒಂದು ರೇಖೆಯನ್ನು ಅಳೆದು ಕೈ ಪಳಗಿಸಿಕೊಂಡನು. ಮುಖ್ಯ ಕೆಲಸ ಆರಂಭವಾದುದು ೧೮೦೨ರ ಏಪ್ರಿಲ್ ೧೦ರಂದು, ಮದರಾಸಿನ ಸೇಂಟ್ ಥಾಮಸ್ ಮೌಂಟಿನ ಬಳಿಯ ಸಮತಟ್ಟಾದ ಬಯಲಿನಲ್ಲಿ. ೧೦೦ ಅಡಿ ಉದ್ದದ ಉಕ್ಕಿನ ಸರಪಳಿ; ಅದಕ್ಕೆ ಎರಡೂವರೆ ಅಡಿಯ ೪೦ ಕೊಂಡಿಗಳು. ಬಿಸಿಲಿಗೆ ಉಕ್ಕು ಹಿಗ್ಗುತ್ತದೆಂದು ಸರಪಳಿಯನ್ನು ಮರದ ದೋಣಿಗಳಲ್ಲಿ ಮಲಗಿಸಿ, ಮೇಲೆ ಗುಡಾರದ ನೆರಳು ಕಟ್ಟಿ, ಪಕ್ಕದಲ್ಲಿ ಉಷ್ಣಮಾಪಕಗಳನ್ನಿಟ್ಟು ಅಳೆಯಬೇಕಾಗಿತ್ತು. ಸುಮಾರು ಏಳೂವರೆ ಮೈಲಿಯ ಆ ರೇಖೆಗೆ ಸರಪಳಿಯನ್ನು ಸುಮಾರು ೪೦೦ ಸಲ ಎತ್ತಿ ಇಡಬೇಕಾಯಿತು. ೫೭ ದಿನಗಳು ಹಿಡಿದವು.

ಕೋನ ಅಳೆಯುವ ದೊಡ್ಡ ಥಿಯೊಡೊಲೈಟ್ ಯಂತ್ರವನ್ನು ಲಂಡನ್ನಿನ ಕ್ಯಾರಿ ಎಂಬ ಕುಶಲಕರ್ಮಿ ತಯಾರಿಸಿದ್ದನು. ಅದರ ಅಡ್ಡ ಚಕ್ರದ ಅಗಲ ಮೂರು ಅಡಿ. ತೂಕ ಸುಮಾರು ಅರ್ಧ ಟನ್. ಹಡಗಿನಲ್ಲಿ ಬರುತ್ತಿದ್ದಾಗ ಅದು ಫ್ರೆಂಚರ ಕೈಗೆ ಸಿಕ್ಕಿ ಮಾರಿಷಸ್ ದ್ವೀಪ ಸೇರಿತು. ಪೆಟ್ಟಿಗೆ ತೆರೆದು ನೋಡಿದ ಫ್ರೆಂಚರು ಅದು ವಿಜ್ಞಾನದ ಉಪಕರಣವೆಂದು ತಿಳಿದು ಮರ್ಯಾದೆಯಿಂದ ಮದರಾಸಿಗೆ ಕಳುಹಿಸಿಕೊಟ್ಟರು. ವೈರಿಗಳ ನಡುವೆಯೂ ವಿದ್ಯೆಗೆ ಇಂತಹ ಗೌರವವಿತ್ತೆಂಬುದು ಮೆಚ್ಚತಕ್ಕ ಸಂಗತಿ.

ಕಾಣುವುದು, ಕಾಣದಿರುವುದು

ಈಗ ನಾವು ಆ ಹುಡುಗಿಯ ಪ್ರಶ್ನೆಗೆ ಬರೋಣ. ತ್ರಿಕೋನದ ಮೂರು ಮೂಲೆಗಳೂ ಒಂದಕ್ಕೊಂದು ಕಾಣದಿದ್ದರೆ ಕೋನ ಅಳೆಯುವುದೇ ಸಾಧ್ಯವಿಲ್ಲ. ಆದುದರಿಂದ ಲ್ಯಾಂಬ್ಟನ್ನನ ಕೆಲಸದಲ್ಲಿ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಈ ಬೆಟ್ಟದಿಂದ ಆ ಬೆಟ್ಟ ಕಾಣುತ್ತದೆಯೇ? ಅರ್ಧ ಟನ್ನಿನ ಯಂತ್ರವನ್ನು ಬೆಟ್ಟದ ತುದಿಗೆ ಹೊತ್ತು ತಂದ ಮೇಲೆ ಕಾಣುವುದಿಲ್ಲವೆಂದು ತಿಳಿದರೆ ಅಷ್ಟೂ ಜನರ ಶ್ರಮ ಮಣ್ಣುಪಾಲು. ಆದ್ದರಿಂದ ಮುಂದಾಗಿ ಜನರನ್ನು ಕಳುಹಿಸಿ, ಬೆಟ್ಟಗಳನ್ನು ಹತ್ತಿಸಿ, ಬಾವುಟ ನೆಡಿಸಿ ನೋಡುತ್ತಿದ್ದರು.

ಕಾಣುವುದಕ್ಕೆ ಮೊದಲ ಅಡ್ಡಿ ಭೂಮಿಯ ದುಂಡುತನ. ದೂರ ಹೋದಂತೆ ನೆಲ ನಮ್ಮ ದೃಷ್ಟಿಯಿಂದ ಕೆಳಕ್ಕೆ ಬಾಗುತ್ತ ಹೋಗುತ್ತದೆ. ಇದಕ್ಕೊಂದು ಸುಲಭವಾದ ಲೆಕ್ಕವಿದೆ. ದೂರವನ್ನು ಮೈಲಿಗಳಲ್ಲಿ ಹಿಡಿದು, ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಬಂದುದರಲ್ಲಿ ಮೂರರಲ್ಲಿ ಎರಡು ಪಾಲು ತೆಗೆದುಕೊಂಡರೆ, ನೆಲ ಸುಮಾರು ಅಷ್ಟು ಅಡಿ ತಗ್ಗಿರುತ್ತದೆ. ೩ ಮೈಲಿಗೆ ೬ ಅಡಿ. ೩೦ ಮೈಲಿಗೆ ೬೦೦ ಅಡಿ. ಎಂದರೆ ಬಯಲಿನಿಂದ ೬೦೦ ಅಡಿ ಎತ್ತರದ ಬೆಟ್ಟದ ಮೇಲೆ ನಿಂತವನಿಗೆ ಸುಮಾರು ೩೦ ಮೈಲಿ ದೂರದಲ್ಲಿ ದಿಗಂತ. ಅದರಾಚೆಗೂ ಅಷ್ಟೇ ಎತ್ತರದ ಮತ್ತೊಂದು ಬೆಟ್ಟ ೬೦ ಮೈಲಿ ದೂರದಲ್ಲಿದ್ದರೆ ಇವೆರಡರ ತುದಿಗಳು ಒಂದನ್ನೊಂದು ಕಂಡೂ ಕಾಣದಂತೆ ನೋಡಬಲ್ಲವು. ಒಂದು ಮೈಲಿಯೆಂದರೆ ಸುಮಾರು ೧.೬ ಕಿಲೋಮೀಟರ್ ಎಂಬುದು ಮಕ್ಕಳಿಗೆ ಗೊತ್ತೇ ಇದೆ.

ಎರಡನೆಯ ಅಡ್ಡಿ ನಡುವೆ ಬರುವ ಗುಡ್ಡ. ನಾವು ೬೦೦ ಅಡಿ ಎತ್ತರದಲ್ಲಿ ನಿಂತಿದ್ದೇವೆ ಎಂದಿಟ್ಟುಕೊಳ್ಳೋಣ. ೪ ಮೈಲಿ ದೂರದಲ್ಲಿ ೪೦೦ ಅಡಿಯ ಗುಡ್ಡವಿದೆ. ಅಲ್ಲಿ ನೆಲ ಬಾಗಿರುವುದು ಸುಮಾರು ೧೧ ಅಡಿ. ಹಾಗಾಗಿ ಗುಡ್ಡದ ತುದಿ ನಮ್ಮ ಕಣ್ಣಿಗಿಂತ ೨೧೧ ಅಡಿ ಕೆಳಗಿದೆ. ೪ ಮೈಲಿಯಲ್ಲಿ ೨೧೧ ಅಡಿಯೆಂದರೆ, ಗುಡ್ಡದ ತುದಿಯನ್ನು ಸವರಿಕೊಂಡು ಹೋಗುವ ನಮ್ಮ ನೋಟ ಮೈಲಿಗೆ ಸುಮಾರು ೫೩ ಅಡಿಯಂತೆ ಇಳಿಯುತ್ತದೆ. ಗುಡ್ಡ ದಾಟಿದ ಮೇಲೂ ಅದು ಅದೇ ಇಳಿಜಾರಿನಲ್ಲಿ ಹೋಗಬೇಕಲ್ಲದೆ ಗುಡ್ಡದ ಹಿಂದಕ್ಕೆ ಬಾಗಿ ಇಳಿಯಲಾರದು. ಲೆಕ್ಕ ಮುಂದುವರಿಸಿದರೆ, ೧೦ ಮೈಲಿ ದೂರದಲ್ಲಿ ಅದು ಇನ್ನೂ ನೆಲದಿಂದ ಸುಮಾರು ೧೪೦ ಅಡಿ ಮೇಲೆಯೇ ಹೋಗುತ್ತಿರುತ್ತದೆ. ಅಲ್ಲಿಯ ಊರೂ ಕಾಣದು, ಊರಿನ ೧೦೦ ಅಡಿ ಗೋಪುರವಿದ್ದರೆ ಅದೂ ಕಾಣದು. ಆದರೆ ೨೦೦ ಅಡಿಯ ದಿಬ್ಬವೊಂದು ಅಲ್ಲಿದ್ದರೆ ಅದರ ನೆತ್ತಿ ಕಾಣುತ್ತದೆ. ಸುಮಾರು ೧೪ ಮೈಲಿ ದೂರಕ್ಕೆ ಹೋದ ಮೇಲೆ ನೋಟ ನೆಲ ಮುಟ್ಟಿ, ಅಲ್ಲಿಂದ ದಿಗಂತದವರೆಗೆ ಬಯಲು ಮತ್ತೆ ಕಾಣತೊಡಗುತ್ತದೆ.

ಹೀಗೆ ನಮಗಿಂತ ೨೦೦ ಅಡಿ ತಗ್ಗಿನ ಗುಡ್ಡವೊಂದು ತನ್ನ ಹಿಂದೆ ಹತ್ತು ಮೈಲಿಯ ನೆಲವನ್ನು ಮರೆಮಾಡುತ್ತದೆ! ಕತ್ತಲಲ್ಲಿ ಜಗುಲಿಯ ಮೇಲೆ ಲಾಟೀನು ಇಟ್ಟು ನೋಡಿರಿ. ಅಂಗಳದಲ್ಲಿ ಬಿದ್ದಿರುವ ಒರಳುಕಲ್ಲು ಲಾಟೀನಿಗಿಂತ ತಗ್ಗಿನಲ್ಲಿದ್ದರೂ ಅದರ ಹಿಂದೆ ನೆರಳು ಬೀಳುತ್ತದೆ. ನೆರಳಿನಲ್ಲಿ ಇರುವೆ ಹರಿದರೆ ಕಾಣದು. ನೆರಳಿನಾಚೆಯ ತುಳಸಿಕಟ್ಟೆ ಬೆಳಗುತ್ತಿರುತ್ತದೆ. ನಾವು ನಿಂತ ಜಾಗದಲ್ಲಿ ದೀಪವಿಟ್ಟರೆ ಎಲ್ಲೆಲ್ಲಿ ಬೆಳಕು ಬೀಳುವುದೋ ಅಷ್ಟೇ ನಮಗೆ ಕಾಣುವ ಸೀಮೆ. ಹುಡುಗಿಯ ಊರು ನೆರಳಿನಲ್ಲಿತ್ತು, ದೂರದ ಗುಡ್ಡ ಬೆಳಕಿನಲ್ಲಿತ್ತು. ಆ ದಿನ ನಮಗೆ ಹೊಳೆಯದ ಉತ್ತರ ಇದೇ.

ಮೂರನೆಯದೊಂದು ಸಂಗತಿ ಇನ್ನೂ ಸೂಕ್ಷ್ಮವಾದುದು. ಬೆಳಕಿನ ಕಿರಣ ಗಾಳಿಯಲ್ಲಿ ಪೂರ್ತಿ ನೇರವಾಗಿ ಹೋಗದೆ ಭೂಮಿಯ ಕಡೆಗೆ ತುಸು ಬಾಗುತ್ತದೆ. ಇದಕ್ಕೆ ವಕ್ರೀಭವನವೆನ್ನುತ್ತಾರೆ. ಇದರಿಂದ ಭೂಮಿಯ ಬಾಗಿನಲ್ಲಿ ಸುಮಾರು ಏಳರಲ್ಲಿ ಒಂದು ಪಾಲು ತೀರಿಹೋಗಿ, ಲೆಕ್ಕಕ್ಕಿಂತ ತುಸು ದೂರವೇ ಕಾಣುತ್ತದೆ. ತೊಂದರೆಯೆಂದರೆ ಈ ಬಾಗು ಬೆಳಿಗ್ಗೆಗೊಂದು ಬಗೆ, ಮಧ್ಯಾಹ್ನಕ್ಕೊಂದು ಬಗೆ. ಲ್ಯಾಂಬ್ಟನ್ ಈ ಬೆಟ್ಟದಿಂದ ಆ ಬೆಟ್ಟದ ಏರುಕೋನವನ್ನೂ ಆ ಬೆಟ್ಟದಿಂದ ಈ ಬೆಟ್ಟದ ಇಳಿಕೋನವನ್ನೂ ಅಳೆದು, ಎರಡನ್ನೂ ಹೋಲಿಸಿ ಗಾಳಿಯ ಮೋಸವನ್ನು ಲೆಕ್ಕಕ್ಕೆ ತಂದನು. ಒಂದೇ ಕಡೆಯಿಂದ ನೋಡಿದ್ದನ್ನು ಆತನು ಸುಲಭವಾಗಿ ನಂಬುತ್ತಿರಲಿಲ್ಲ.

ಬೇಸಿಗೆಯಲ್ಲಿ ದೂಳು ಕವಿದು ದೂರದ ಬೆಟ್ಟಗಳು ಮಸುಕಾಗುತ್ತಿದ್ದವು. ಮಳೆ ಬಿದ್ದು ಗಾಳಿ ತೊಳೆದಂತಾದಾಗಲೇ ನೋಟ ತಿಳಿ. ಆದುದರಿಂದ ಮಳೆಗಾಲದಲ್ಲೇ ಕೆಲಸ ಮಾಡಬೇಕಾಗುತ್ತಿತ್ತು. ಅದೇ ಕಾಲದಲ್ಲಿ ಕಾಡುಗಳಲ್ಲಿ ಚಳಿಜ್ವರ ಹಬ್ಬುತ್ತಿತ್ತು. ದೂರದ ಬಾವುಟ ಕಾಣಲೆಂದು ಜನರು ಜ್ವರದ ಬಾಯಿಗೆ ಬಿದ್ದರು. ಯಂತ್ರ ಹೊತ್ತವರು, ಬಾವುಟ ಹಿಡಿದು ವಾರಗಟ್ಟಲೆ ಬೆಟ್ಟದ ತುದಿಯಲ್ಲಿ ಕಾದವರು, ಅಡ್ಡ ಬಂದ ಮರ ಕಡಿದವರು ನಮ್ಮ ನಾಡಿನವರೇ. ಲ್ಯಾಂಬ್ಟನ್ನನ ಹೆಸರು ಪುಸ್ತಕಗಳಲ್ಲಿ ಉಳಿಯಿತು. ಅವರ ಹೆಸರುಗಳು ಉಳಿಯಲಿಲ್ಲ. ಮದರಾಸಿನ ಸರ್ವೆ ಶಾಲೆಯಲ್ಲಿ ಕಲಿತ ಹುಡುಗರೂ ಆತನ ಜೊತೆಗಿದ್ದರು. ಅವರಲ್ಲಿ ಜೋಶುವಾ ಡಿ ಪೆನ್ನಿಂಗ್ ಎಂಬವನು ಆತನ ಬಲಗೈಯಾಗಿ ಬೆಳೆದನು.

ಹಳ್ಳಿಗರಿಗೆ ಈ ಯಂತ್ರದ ಮೇಲೆ ಸಂಶಯವಿದ್ದುದು ಸಹಜವೇ. ಬೆಟ್ಟದ ಮೇಲೆ ಬಾವುಟ ನೆಟ್ಟರೆ ನೆಲ ಕಸಿದುಕೊಳ್ಳಲು ಬಂದರೆಂಬ ಭಯ. ದೂರದರ್ಶಕದಲ್ಲಿ ಮನೆಯೊಳಗಿನ ಹೆಂಗಸರೂ ಕಾಣುತ್ತಾರೆಂಬ ಆತಂಕ. ನೋಡುವವನ ಕೈಯಲ್ಲಿ ಅಧಿಕಾರವಿದ್ದಾಗ ನೋಡಿಸಿಕೊಳ್ಳುವವನಿಗೆ ಅಂಜಿಕೆಯಾಗುವುದನ್ನು ನಾವು ಮೂಢತನವೆಂದು ತಳ್ಳಿಹಾಕಬಾರದು.

ಕಡಲಿನಿಂದ ಕಡಲಿಗೆ

ಮದರಾಸಿನಿಂದ ಹೊರಟ ತ್ರಿಕೋನಗಳು ಘಟ್ಟ ಹತ್ತಿ ಮೈಸೂರು ಸೀಮೆಗೆ ಬಂದವು. ಸಾವನದುರ್ಗದ ಬಂಡೆ, ಕೊಡಗಿನ ತಡಿಯಂಡಮೋಳ್ ಮುಂತಾದ ಶಿಖರಗಳು ಆತನ ತ್ರಿಕೋನಗಳ ಮೂಲೆಗಳಾದವು. ೧೮೦೫ರ ಹೊತ್ತಿಗೆ ಸರಪಳಿ ಮಂಗಳೂರಿನ ಕಡಲನ್ನು ಮುಟ್ಟಿತು. ಲೆಕ್ಕ ಹಾಕಿ ನೋಡಿದಾಗ ಎಲ್ಲರೂ ಬೆರಗಾದರು. ಆ ವರೆಗಿನ ನಕ್ಷೆಗಳಲ್ಲಿ ಪೂರ್ವ ಪಶ್ಚಿಮ ಕಡಲುಗಳ ನಡುವೆ ಅಲ್ಲಿ ಸುಮಾರು ೪೦೦ ಮೈಲಿಯಿತ್ತು. ನಿಜವಾಗಿ ಇದ್ದುದು ಸುಮಾರು ೩೬೦. ನಾಡಿನ ೪೦ ಮೈಲಿ ಅಗಲ ಕಾಗದದ ಮೇಲೆ ಮಾತ್ರ ಇತ್ತು! ಪಲ್ಲಕ್ಕಿಯ ಬೋಯಿ ಇದನ್ನು ಹೇಳುವಂತಿರಲಿಲ್ಲ. ಗೇಲಿ ಮಾಡಿದವರ ಬಾಯಿ ಕಟ್ಟಿತು.

ಅನಂತರ ಆತನು ಉತ್ತರ ದಕ್ಷಿಣವಾಗಿ, ೭೮ನೆಯ ರೇಖಾಂಶದ ಹತ್ತಿರ, ಇನ್ನೊಂದು ಸರಪಳಿಯನ್ನು ಹಿಡಿದನು. ಇದೇ ಮುಂದೆ ಮಹಾಚಾಪವೆಂದು ಪ್ರಸಿದ್ಧವಾಯಿತು. ಬೆಂಗಳೂರಿನ ದೊಡ್ಡಗುಂಟದಲ್ಲಿ ನಕ್ಷತ್ರಗಳನ್ನು ನೋಡಿ ಅಕ್ಷಾಂಶ ನಿರ್ಣಯಿಸಿ, ದಕ್ಷಿಣಕ್ಕೆ ಕೊಯಮತ್ತೂರಿನ ಕಡೆ ನಡೆದನು.

೧೮೦೮ರಲ್ಲಿ ತಂಜಾವೂರು ಸೀಮೆಗೆ ಬಂದಾಗ ಆತನ ವಿದ್ಯೆಗೆ ಹೊಸ ಬಗೆಯ ಅಡ್ಡಿ ಎದುರಾಯಿತು. ಅಲ್ಲಿ ಬೆಟ್ಟವೇ ಇಲ್ಲ. ಕಣ್ಣು ಹರಿದಷ್ಟೂ ಗದ್ದೆ. ಗದ್ದೆಯ ಬದುಗಳಲ್ಲಿ ತೆಂಗು, ತಾಳೆ. ನಿಂತಲ್ಲಿಂದ ಎರಡು ಮೈಲಿ ಕಾಣುವುದೂ ಕಷ್ಟ. ಉಳಿದುದು ದೇವಾಲಯಗಳ ಗೋಪುರಗಳು ಮಾತ್ರ. ತಂಜಾವೂರಿನ ಬೃಹದೀಶ್ವರ ದೇವಾಲಯದ ಶಿಖರದ ಮೇಲೆ ಯಂತ್ರವನ್ನು ಹಗ್ಗ ಕಟ್ಟಿ ಎಳೆಯುತ್ತಿದ್ದಾಗ ಹಗ್ಗ ಹರಿದು, ಯಂತ್ರ ಗೋಡೆಗೆ ಅಪ್ಪಳಿಸಿತು. ಅದರ ದೊಡ್ಡ ಚಕ್ರವೇ ಸೊಟ್ಟಗಾಯಿತು.

ಕೋನದಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಮೈಲಿಗಳಾಚೆ ಅದು ಬೆಳೆದು ದೊಡ್ಡದಾಗುವ ಕೆಲಸವಿದು. ಸೊಟ್ಟ ಚಕ್ರದಿಂದ ಅಳೆಯುವುದು ಶಕ್ಯವಿಲ್ಲ. ಹೊಸದು ಇಂಗ್ಲೆಂಡಿನಿಂದ ಬರಬೇಕಾದರೆ ವರ್ಷಗಳು ಬೇಕು. ಲ್ಯಾಂಬ್ಟನ್ ಯಾರ ಮೇಲೂ ತಪ್ಪು ಹೊರಿಸುತ್ತ ಕೂರಲಿಲ್ಲ. ಯಂತ್ರವನ್ನು ತಿರುಚಿನಾಪಳ್ಳಿಗೆ ಸಾಗಿಸಿ, ಒಂದು ಗುಡಾರದಲ್ಲಿ ಕುಳಿತು, ಕುಶಲಕರ್ಮಿಗಳ ಹೊರತು ಯಾರನ್ನೂ ಒಳಗೆ ಬಿಡದೆ ಕೆಲಸಕ್ಕೆ ತೊಡಗಿದನು. ಚಕ್ರದ ಸರಿಯಾದ ಅಳತೆಯನ್ನು ಹಲಗೆಯ ಮೇಲೆ ಬರೆದು, ಬೆಣೆ, ತಿರುಪು, ರಾಟೆಗಳ ನೆರವಿನಿಂದ ಅದನ್ನು ಇಷ್ಟಿಷ್ಟೇ ಎಳೆದು ಆ ಅಳತೆಗೆ ತಂದನು. ಆರು ವಾರಗಳ ಮೇಲೆ ಯಂತ್ರ ಮತ್ತೆ ಕೆಲಸಕ್ಕೆ ಬಂದಿತು. ತಪ್ಪಾದ ಲೆಕ್ಕವನ್ನು ಅಳಿಸಿ ಮತ್ತೆ ಬರೆಯಲು ಬೇಸರಪಡುವ ನಮ್ಮ ವಿದ್ಯಾರ್ಥಿಗಳು ಈ ಆರು ವಾರಗಳನ್ನು ಆಗಾಗ ನೆನೆದುಕೊಳ್ಳಬೇಕು.

ನಮ್ಮ ಸೀಮೆಯಲ್ಲಿ ಲ್ಯಾಂಬ್ಟನ್

ಕನ್ಯಾಕುಮಾರಿಯ ಕಡೆಯ ಕೆಲಸ ತೀರಿಸಿ ಆತನು ಉತ್ತರಕ್ಕೆ ತಿರುಗಿದನು. ೧೮೧೧ರಲ್ಲಿ ನಮ್ಮ ಅನಂತಪುರ ಸೀಮೆಯ ಗುತ್ತಿಯ ಬಳಿ ಹೊಸದೊಂದು ಆಧಾರ ರೇಖೆಯನ್ನು ಅಳೆದನು. ದತ್ತಮಂಡಲವೆಂದು ಕರೆಯಲ್ಪಡುತ್ತಿದ್ದ ಈ ಪ್ರದೇಶವನ್ನು ನಿಜಾಮನು ಕಂಪನಿಗೆ ಬಿಟ್ಟುಕೊಟ್ಟು ಆಗ ಹನ್ನೊಂದು ವರ್ಷವಾಗಿತ್ತು. ನಮ್ಮಲ್ಲಿ ಮಳೆ ಕಡಮೆ, ಮರ ಕಡಮೆ; ಕಪ್ಪು ನೆಲದ ಬಯಲು, ಬಯಲ ನಡುವೆ ಎದ್ದ ಬೋಳು ಬಂಡೆಗುಡ್ಡಗಳು. ಬೆಳೆಗೆ ಕಷ್ಟವಾದ ಈ ನಾಡು ನೋಟಕ್ಕೆ ಅನುಕೂಲವಾಗಿತ್ತು. ದೇವರು ತಂಜಾವೂರಿಗೆ ನೀರು ಕೊಟ್ಟು ನಮಗೆ ದೂರದ ನೋಟವನ್ನು ಕೊಟ್ಟನೆಂದು ನಾವು ನಗೆಯಾಡಬಹುದು.

ಹೊಸ ಆಧಾರ ರೇಖೆಯನ್ನು ಅಳೆಯುವುದರಲ್ಲಿ ಒಂದು ಗುಟ್ಟಿದೆ. ಹಿಂದಿನ ತ್ರಿಕೋನಗಳ ಲೆಕ್ಕದಿಂದ ಈ ರೇಖೆಯ ಉದ್ದ ಇಷ್ಟಿರಬೇಕೆಂದು ಮೊದಲೇ ಗೊತ್ತಾಗುತ್ತದೆ. ಅದನ್ನೇ ಸರಪಳಿಯಿಂದ ಅಳೆದು ಎರಡನ್ನೂ ಹೋಲಿಸಿದರೆ ನಡುವಿನ ನೂರಾರು ಮೈಲಿಗಳ ಕೆಲಸ ಸರಿಯೋ ತಪ್ಪೋ ಬಯಲಾಗುತ್ತದೆ. ತನ್ನ ಕೆಲಸಕ್ಕೆ ತಾನೇ ಪರೀಕ್ಷೆ ಇಟ್ಟುಕೊಂಡಂತೆ. ಇಂತಹ ಪರೀಕ್ಷೆಯನ್ನು ಆತನು ೧೮೧೫ರಲ್ಲಿ ಬೀದರಿನ ಕಡೆಯ ದಾಮರಗಿದ್ದದಲ್ಲಿ ಮತ್ತೊಮ್ಮೆ ಇಟ್ಟುಕೊಂಡನು.

ಲಂಡನ್ನಿನ ರಾಯಲ್ ಸೊಸೈಟಿ ೧೮೧೭ರಲ್ಲಿ ಆತನನ್ನು ಸದಸ್ಯನನ್ನಾಗಿ ಮಾಡಿಕೊಂಡಿತು. ೧೮೧೮ರಲ್ಲಿ ಈ ಕೆಲಸಕ್ಕೆ ಭಾರತದ ಮಹಾ ತ್ರಿಕೋನಮಿತೀಯ ಸರ್ವೆ ಎಂಬ ಹೆಸರು ಬಂದಿತು. ಅದೇ ವರ್ಷದ ಕೊನೆಗೆ ಜಾರ್ಜ್ ಎವರೆಸ್ಟ್ ಎಂಬ ತರುಣ ಅಧಿಕಾರಿ ಸಹಾಯಕನಾಗಿ ಬಂದು ಸೇರಿದನು. ಲ್ಯಾಂಬ್ಟನ್ನನಿಗೆ ಆಗಲೇ ಮುಪ್ಪು. ಕೆಮ್ಮು ಬಾಧಿಸುತ್ತಿತ್ತು. ಆದರೂ ಊರಿಗೆ ಮರಳುವ ಮಾತನ್ನಾಡಲಿಲ್ಲ. ಹೈದರಾಬಾದಿನಿಂದ ನಾಗಪುರದ ಕಡೆಗೆ ಪಯಣಿಸುತ್ತಿದ್ದಾಗ ೧೮೨೩ರ ಜನವರಿ ೨೦ರಂದು, ಈಗ ಮಹಾರಾಷ್ಟ್ರದಲ್ಲಿರುವ ಹಿಂಗಣಘಾಟ್‌ನಲ್ಲಿ ಆತನು ತೀರಿಕೊಂಡನು. ಅಲ್ಲಿಯೇ ಆತನನ್ನು ಮಣ್ಣು ಮಾಡಿದರು. ಆ ಹೊತ್ತಿಗೆ ಆತನ ತ್ರಿಕೋನಗಳು ಒಂದೂವರೆ ಲಕ್ಷ ಚದರ ಮೈಲಿಗೂ ಹೆಚ್ಚಿನ ನಾಡನ್ನು ಆವರಿಸಿದ್ದವು.

ಕೆಲಸ ಮುಗಿದಿರಲಿಲ್ಲ. ಎವರೆಸ್ಟ್ ಅದನ್ನು ಹಿಮಾಲಯದ ತಪ್ಪಲಿನವರೆಗೆ ಒಯ್ದನು. ಆತನ ಬಳಿಕ ಬಂದವರು ಬಯಲಿನಲ್ಲಿ ನಿಂತು, ನೂರು ಮೈಲಿಗೂ ದೂರದ ಹಿಮಶಿಖರಗಳ ಕೋನಗಳನ್ನು ಅಳೆದರು. ಭೂಮಿಯ ಬಾಗು, ಗಾಳಿಯ ಬಾಗು ಎರಡನ್ನೂ ಕಳೆದು ಕೂಡಿಸಿದ ಲೆಕ್ಕದಲ್ಲಿ ಹದಿನೈದನೆಯ ಶಿಖರವೆಂದು ಗುರುತು ಹಾಕಿದ್ದ ಬೆಟ್ಟ ೨೯,೦೦೨ ಅಡಿಯೆಂದು ತಿಳಿದು, ೧೮೫೬ರಲ್ಲಿ ಲೋಕಕ್ಕೆ ಪ್ರಕಟವಾಯಿತು. ಈ ಲೆಕ್ಕದ ಮುಂದಾಳು ಬಂಗಾಳದ ರಾಧಾನಾಥ ಸಿಕ್ದಾರ್. ಶಿಖರಕ್ಕೆ ೧೮೬೫ರಲ್ಲಿ ಎವರೆಸ್ಟನ ಹೆಸರನ್ನಿಟ್ಟರು. ೨೦೨೦ರಲ್ಲಿ ಪ್ರಕಟವಾದ ಹೊಸ ಅಳತೆಯಂತೆ ಅದು ೮,೮೪೮.೮೬ ಮೀಟರ್, ಎಂದರೆ ಸುಮಾರು ೨೯,೦೩೨ ಅಡಿ. ಆ ಶಿಖರದ ಲೆಕ್ಕಕ್ಕೆ ತಳಹದಿ ಹಾಕಿದವನ ಹೆಸರಿನಲ್ಲಿ ಮಾತ್ರ ಯಾವ ಮಹಾಶಿಖರವೂ ಇಲ್ಲ.

ಇಂದಿನ ಕಾಲದಲ್ಲಿ

ಈಗ ಬೆಟ್ಟ ಹತ್ತಿ ನೋಡಬೇಕಾದ ಕೆಲಸವನ್ನು ಗಣಕಯಂತ್ರ ಮಾಡುತ್ತದೆ. ೨೦೦೦ದ ಫೆಬ್ರವರಿಯಲ್ಲಿ ಎಂಡೆವರ್ ಎಂಬ ಆಕಾಶನೌಕೆ ಹನ್ನೊಂದು ದಿನ ಭೂಮಿಯನ್ನು ಸುತ್ತಿ, ರೇಡಾರ್ ಕಿರಣಗಳಿಂದ ಭೂಮಿಯ ಬಹುಭಾಗದ ಏರುತಗ್ಗುಗಳನ್ನು ಅಳೆಯಿತು. ಆ ಅಳತೆಗಳನ್ನು ಚೌಕದ ಕಾಗದದಂತೆ ಚೌಕ ಚೌಕವಾಗಿ ಜೋಡಿಸಿ, ಒಂದೊಂದು ಚೌಕಕ್ಕೂ ಅದರ ಎತ್ತರವನ್ನು ಬರೆದಿಟ್ಟಿದ್ದಾರೆ. ನಾವು ನಿಲ್ಲುವ ಚೌಕವನ್ನು ಹೇಳಿದರೆ ಗಣಕಯಂತ್ರ ಅಲ್ಲಿಂದ ನಾಲ್ಕೂ ದಿಕ್ಕಿಗೆ ಗೆರೆ ಎಳೆಯುತ್ತದೆ. ಪ್ರತಿ ಗೆರೆಯ ಮೇಲೂ ಹತ್ತಿರದಿಂದ ದೂರಕ್ಕೆ ಹೋಗುತ್ತ, ಆ ವರೆಗೆ ಕಂಡ ಎಲ್ಲ ಚೌಕಗಳಿಗಿಂತ ಈ ಚೌಕದ ಕೋನ ಮೇಲಿದೆಯೇ ಎಂದು ನೋಡುತ್ತದೆ. ಮೇಲಿದ್ದರೆ ಕ���ಣುತ್ತದೆ, ಇಲ್ಲದಿದ್ದರೆ ಇಲ್ಲ. ನಾವು ಮೇಲೆ ಮಾಡಿದ ಲೆಕ್ಕವೇ ಇದು. ಅದು ಕ್ಷಣದಲ್ಲಿ ಲಕ್ಷಾಂತರ ಸಲ ಮಾಡುತ್ತದೆ, ಅಷ್ಟೇ. ಮೊಬೈಲ್ ಗೋಪುರವನ್ನು ಎಲ್ಲಿ ಕಟ್ಟಿದರೆ ಯಾವ ಹಳ್ಳಿಗೆ ಸಂಕೇತ ಸಿಗುತ್ತದೆ, ಕಾಡಿನ ಬೆಂಕಿ ಕಾಯುವವನು ಎಲ್ಲಿ ನಿಂತರೆ ಹೆಚ್ಚು ಕಾಡು ಕಾಣುತ್ತದೆ ಎಂಬುದನ್ನೆಲ್ಲ ಹೀಗೆ ತಿಳಿಯುತ್ತಾರೆ. ಕಾಡಿನ ಮರ, ಊರಿನ ಮನೆ, ಗಾಳಿಯ ದೂಳು ಇವುಗಳ ಲೆಕ್ಕ ಸೇರದಿದ್ದರೆ ಗಣಕಯಂತ್ರವೂ ತಪ್ಪುತ್ತದೆ. ಆದುದರಿಂದ ಸ್ಥಳಕ್ಕೆ ಹೋಗಿ ನೋಡುವವರು ಇಂದಿಗೂ ಬೇಕು.

ಬೆಟ್ಟ ಇಳಿಯುವ ಮುನ್ನ

೧೯೫೩ರ ವರೆಗೆ ರಾಯದುರ್ಗ, ಆದವಾನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಆ ವರ್ಷದ ಅಕ್ಟೋಬರ್ ೧ರಂದು ಇವು ಆಂಧ್ರಕ್ಕೆ, ಬಳ್ಳಾರಿ ಮೈಸೂರಿಗೆ ಸೇರಿ ನಡುವೆ ರಾಜ್ಯದ ಗೆರೆ ಬಂದಿತು. ನಮ್ಮ ಮಕ್ಕಳು ಮನೆಯಲ್ಲಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ, ಕಚೇರಿಯಲ್ಲಿ ತೆಲುಗು ಆಡುತ್ತ ಬೆಳೆಯುವವರು. ಈ ಗಡಿನಾಡಿನಲ್ಲಿ ಕನ್ನಡದಲ್ಲಿ ಓದಿದ ಮಗುವಿಗೆ ಮುಂದೆ ದಾರಿ ಕಾಣುವುದೇ ಎಂದು ಅನೇಕ ತಾಯಿತಂದೆಗಳು ನಮ್ಮನ್ನು ಕೇಳುವುದುಂಟು. ಅವರ ಚಿಂತೆ ನಮಗೆ ತಿಳಿಯದ್ದಲ್ಲ. ನಡುವೆ ಗುಡ್ಡವಿಲ್ಲವೆಂದು ನಾವು ಸುಳ್ಳು ಹೇಳುವುದಿಲ್ಲ. ಆದರೆ ಲ್ಯಾಂಬ್ಟನ್ನನ ಬಾಳಿನಿಂದ ನಾವು ಕಲಿತುದು ಇಷ್ಟು. ಒಂದು ಜಾಗ ಕಾಣುವುದಿಲ್ಲವೆಂದರೆ ಅದು ಇಲ್ಲವೆಂದಲ್ಲ. ಅಡ್ಡ ಬಂದುದು ಯಾವುದು, ಎಷ್ಟು ಎತ್ತರದ್ದು, ಅದನ್ನು ದಾಟಿ ನೋಡಲು ನಾವು ಇನ್ನೆಷ್ಟು ಹತ್ತಬೇಕು ಎಂದು ಲೆಕ್ಕ ಹಾಕಬೇಕು. ಲೆಕ್ಕ ಹಾಕಿದ ಮೇಲೆ ಹತ್ತಬೇಕು. ಒಂದೇ ಕಣ್ಣು ಸರಿಯಿದ್ದವನು, ಯಂತ್ರ ಮುರಿದಾಗ ಮತ್ತೆ ಕಟ್ಟಿದವನು ಇಷ್ಟನ್ನು ಮಾಡಿ ತೋರಿಸಿದನು.

ನಮ್ಮ ಬೆಟ್ಟದಿಂದ ಬಳ್ಳಾರಿಯ ಬೆಟ್ಟಕ್ಕೆ ನೇರ ದೂರ ಸುಮಾರು ೩೦ ಮೈಲಿ. ಮುಂದಿನ ವರ್ಷ ಬೆಟ್ಟ ಹತ್ತುವ ಮೊದಲು ಒಂಬತ್ತು, ಹತ್ತನೆಯ ತರಗತಿಯವರು ಸಮೋನ್ನತ ರೇಖೆಗಳಿರುವ ನಕ್ಷೆಯನ್ನು ಮುಂದಿಟ್ಟುಕೊಂಡು, ಇವೆರಡರ ನಡುವೆ ಗೆರೆ ಎಳೆದು, ಗೆರೆಯ ಮೇಲೆ ಬರುವ ಎತ್ತರಗಳನ್ನು ಬರೆದು, ಭೂಮಿಯ ಬಾಗನ್ನು ಕಳೆದು ಲೆಕ್ಕ ಮಾಡಿರಿ. ಕಾಣುತ್ತದೆಯೋ ಇಲ್ಲವೋ ಎಂಬುದನ್ನು ಕಾಗದದ ಮೇಲೆ ಮೊದಲು ನಿರ್ಣಯಿಸಿರಿ. ಆ ಮೇಲೆ ಮಳೆ ನಿಂತ ಒಂದು ಮುಂಜಾನೆ ಎಲ್ಲರೂ ಹತ್ತೋಣ, ನಿಮ್ಮ ಲೆಕ್ಕಕ್ಕೆ ಪರೀಕ್ಷೆ ಇಡೋಣ. ತನ್ನ ಊರೇಕೆ ಕಾಣದೆಂದು ಕೇಳಿದ ಹುಡುಗಿಯೂ ನಮ್ಮ ಜೊತೆ ಬರಲಿ. ಅವಳಿಗೆ ನಾವು ಕೊಡಬೇಕಾದ ಉತ್ತರ ಬಾಕಿಯಿದೆ.